ಟಾಮ್ ಬ್ಲೇಕ್: ಹಿಂಗಾಲಿಗೆ ಬಿಡುವು ಕೊಟ್ಟವನು

ಸರ್ಫಿಂಗ್ ವಿಡಿಯೋ ನೋಡುವಾಗ ನಮ್ಮ ಕಣ್ಣು ಅಲೆಯ ಮೇಲೇ ಇರುತ್ತೆ. ಈ ಸಲ ಸವಾರನ ಪಾದ ನೋಡೋಣ. ಏಳೆಂಟು ಅಡಿಯ ಮಿಡ್-ಲೆಂಗ್ತ್ ಹಲಗೆಯಾದರೆ, ತಿರುಗಬೇಕಾದಾಗ ಅವನ ಹಿಂಗಾಲು ಬಾಲದ ಹತ್ತಿರ, ಕೆಳಗಿರುವ ರೆಕ್ಕೆಯ ಮೇಲಕ್ಕೇ ಹೋಗಿ ನಿಲ್ಲುತ್ತೆ. ಆ ರೆಕ್ಕೆ, ಅಂದ್ರೆ ಫಿನ್, 1935ರವರೆಗೆ ಸರ್ಫ್ ಹಲಗೆಗೆ ಇರಲೇ ಇಲ್ಲ! ಅದನ್ನು ಜೋಡಿಸಿದವನು ಟಾಮ್ ಬ್ಲೇಕ್.

ಹುಟ್ಟಿದ್ದು 1902ರಲ್ಲಿ, ಅಮೆರಿಕದ ಮಿಲ್ವಾಕಿಯಲ್ಲಿ. ಸಮುದ್ರಕ್ಕೂ ಆ ಊರಿಗೂ ಸಂಬಂಧವೇ ಇಲ್ಲ. ಒಂದು ವರ್ಷ ತುಂಬುವ ಮೊದಲೇ ತಾಯಿ ಕ್ಷಯದಿಂದ ತೀರಿಕೊಂಡರು, ಬೆಳೆದದ್ದು ನೆಂಟರ ಮನೆಗಳಲ್ಲಿ. 1918ರ ಫ್ಲೂ ಬಂದು ಹೈಸ್ಕೂಲ್ ಮುಚ್ಚಿದಾಗ ಹುಡುಗ ಊರೂರು ಅಲೆಯಲು ಹೊರಟ. 1920ರಲ್ಲಿ ಡೆಟ್ರಾಯಿಟ್‌ನ ಒಂದು ಚಿತ್ರಮಂದಿರದಲ್ಲಿ ಹವಾಯಿಯ ಒಲಿಂಪಿಕ್ ಈಜುಗಾರ ಡ್ಯೂಕ್ ಕಹನಮೋಕು ಎದುರಾದರು. ಬ್ಲೇಕ್ ಅವರ ಕೈ ಕುಲುಕಿದ, ಅಷ್ಟೇ. ಆದರೆ ಆಮೇಲಿನ ದಾರಿಯೆಲ್ಲ ಕ್ಯಾಲಿಫೋರ್ನಿಯಾ, ಅಲ್ಲಿಂದ ಹವಾಯಿ ಕಡೆಗೇ.

ಹೊನೊಲುಲುವಿನ ಬಿಷಪ್ ಮ್ಯೂಸಿಯಂನಲ್ಲಿ ಹವಾಯಿ ದೊರೆಗಳ ಕಾಲದ ಉದ್ದುದ್ದ ಹಲಗೆಗಳಿದ್ದವು. ಬ್ಲೇಕ್ ಅವನ್ನು ದುರಸ್ತಿ ಮಾಡಿದ, ಅಳತೆ ನೋಡಿದ, ತಾನೂ ಒಂದು ಮಾಡಲು ಕೂತ. ಗಟ್ಟಿ ಮರ ವಿಪರೀತ ಭಾರ ಅಲ್ವಾ? ಸಾಲಾಗಿ ತೂತು ಕೊರೆದು, ಮೇಲೆ ತೆಳು ಮರ ಮುಚ್ಚಿ, ಟೊಳ್ಳು ಹಲಗೆ ಮಾಡಿದ. 1928ರಲ್ಲಿ ಕೊರೋನಾ ಡೆಲ್ ಮಾರ್‌ನ ಸ್ಪರ್ಧೆ ಗೆದ್ದ. ಹವಾಯಿಯ ಪ್ಯಾಡ್ಲಿಂಗ್ ಪಂದ್ಯಗಳಲ್ಲೂ ಈ ಹಲಗೆ ಮುಂದೆ ಓಡಿದಾಗ, ಇದು ನ್ಯಾಯವೇ ಅಂತ ಕೆಲವರು ಗೊಣಗಿದರು. ನಮಗನಿಸೋದು, ನಿಯಮದೊಳಗೇ ಹಗುರ ಮಾಡಿದ್ರೆ ಅದನ್ನು ವಿನ್ಯಾಸ ಅಂತಾರೆ. 1932ರಲ್ಲಿ ಪೇಟೆಂಟ್ ಸಿಕ್ಕಿತು. ಮುಂದೆ ವಿಮಾನದ ರೆಕ್ಕೆಯ ಒಳಗಿರುವಂಥ ಅಡ್ಡಪಟ್ಟಿಗಳೂ ಬಂದವು.

ಹಗುರವಾಯ್ತು, ಸರಿ. ತಿರುಗಿಸೋದು ಹೇಗೆ? ಆಗಿನ ಹಲಗೆಗಳ ತಳ ನುಣುಪು, ಕಡಿದಾದ ಅಲೆಯಲ್ಲಿ ಬಾಲ ಅಡ್ಡಕ್ಕೆ ಜಾರುತ್ತಿತ್ತು. ಸವಾರ ಒಂದು ಪಾದವನ್ನು ನೀರಿಗಿಳಿಸಿ, ಚುಕ್ಕಾಣಿಯಂತೆ ಎಳೆದುಕೊಂಡು ಹೋಗಬೇಕಿತ್ತು. ಯೋಚಿಸಿ: ಎಳೆಯುವ ಕಾಲು ವೇಗವನ್ನು ತಿನ್ನುತ್ತೆ, ಸಮತೋಲ ಅತಿ ಮುಖ್ಯವಾದ ಕ್ಷಣದಲ್ಲೇ ಇಡೀ ಮೈಭಾರ ಒಂಟಿ ಕಾಲಿನ ಮೇಲೆ ಬೀಳುತ್ತೆ.

1935ರಲ್ಲಿ ಬ್ಲೇಕ್ ಹಳೆಯ ಸ್ಪೀಡ್‌ಬೋಟ್ ಒಂದರ ಲೋಹದ ಕೀಲ್ ತೆಗೆದು ತನ್ನ ಹಲಗೆಯ ಬಾಲದಡಿ ಬಿಗಿದ. ಸುಮಾರು ಒಂದು ಅಡಿ ಉದ್ದ, ನಾಲ್ಕು ಅಂಗುಲ ಆಳ. ವೈಕಿಕಿಯಲ್ಲಿ ಇಳಿಸಿದಾಗ ಬಾಲ ಜಾರೋದು ನಿಂತಿತು. ಈಗ ಎರಡೂ ಪಾದ ಹಲಗೆ ಮೇಲೇ. ಹಿಂಗಾಲನ್ನು ಫಿನ್‌ನ ನೇರಕ್ಕೆ ಒತ್ತಿದರೆ ಮೂತಿ ಏಳುತ್ತೆ, ನೀರು ತಾಗುವ ಉದ್ದ ಕಡಿಮೆಯಾಗುತ್ತೆ. ಹಿಮ್ಮಡಿಯನ್ನೋ ಬೆರಳನ್ನೋ ಅದುಮಿದ ಕಡೆಗೆ ಹಲಗೆ ವಾಲುತ್ತೆ. ಫಿನ್ ಬಾಲವನ್ನು ಹಿಡಿದಿಟ್ಟಿರುವುದರಿಂದ ಮೂತಿ ಅದರ ಸುತ್ತ ತಿರುಗುತ್ತೆ. ವೇಗ ಬೇಕಾ? ಒಂದು ಪುಟ್ಟ ಹೆಜ್ಜೆ ಮುಂದಿಟ್ಟು ಮುಂಗಾಲಿಗೆ ಭಾರ ಕೊಟ್ಟರೆ ಮೂತಿ ಇಳಿದು ಹಲಗೆ ಸಮವಾಗಿ ಓಡುತ್ತೆ. ಲಾಂಗ್‌ಬೋರ್ಡಿನಲ್ಲಿ ಮೂತಿವರೆಗೂ ನಡೆಯುತ್ತಾರೆ, ಶಾರ್ಟ್‌ಬೋರ್ಡಿನಲ್ಲಿ ಪಾದ ಹೆಚ್ಚುಕಮ್ಮಿ ನೆಟ್ಟಲ್ಲೇ. ಮಿಡ್-ಲೆಂಗ್ತ್‌ನಲ್ಲಿ ಈ ಅರ್ಧ ಹೆಜ್ಜೆಯ ಹಿಂದು-ಮುಂದೇ ಎಲ್ಲಾ.

ಜನ ತಕ್ಷಣ ಒಪ್ಪಿಕೊಂಡ್ರಾ ಅಂದ್ರೆ, ಇಲ್ಲ. ಫಿನ್ ಎಲ್ಲೆಡೆ ಹರಡಲು ವರ್ಷಗಳೇ ಹಿಡಿದವು. ಬ್ಲೇಕ್ ಅದರ ಹಿಂದೆ ಬೀಳಲೂ ಇಲ್ಲ. ನೀರು ಸೋಕದ ಕ್ಯಾಮೆರಾ ಪೆಟ್ಟಿಗೆ ಮಾಡಿ ಅಲೆಯ ಮೇಲಿಂದ ಫೋಟೋ ತೆಗೆದ, ಹವಾಯಿಯ ಸರ್ಫಿಂಗ್ ಬಗ್ಗೆ ಪುಸ್ತಕ ಬರೆದ, ಜೀವರಕ್ಷಕನಾಗಿ ದುಡಿದ. 1955ರ ಸುಮಾರಿಗೆ ಹವಾಯಿ ಬಿಟ್ಟ. ಕೊನೆಯ ವರ್ಷಗಳನ್ನು ಹುಟ್ಟುನಾಡು ವಿಸ್ಕಾನ್ಸಿನ್‌ನಲ್ಲಿ, ಸುಪೀರಿಯರ್ ಸರೋವರದ ದಡದ ವಾಶ್‌ಬರ್ನ್‌ನಲ್ಲಿ ಕಳೆದು, 1994ರ ಮೇ ತಿಂಗಳಲ್ಲಿ, 92ನೇ ವಯಸ್ಸಿಗೆ ತೀರಿಕೊಂಡ.