ಎಲ್‌ಕೆಜಿಯಲ್ಲಿ ಕಳೆದುಹೋದ ತೋಟ

ಮೊನ್ನೆ ರಾತ್ರಿ ನಾಲ್ಕು ವರ್ಷದ ಮಗಳ ಮೇಲೆ ರೇಗಿಬಿಟ್ಟೆ. ಒಂದರಿಂದ ಇಪ್ಪತ್ತರವರೆಗೆ ಎರಡು ಪುಟ ಬರೀಬೇಕಿತ್ತು. ಅವಳು ಎಂಟರ ಹತ್ತಿರ ಪೆನ್ಸಿಲ್ ಇಟ್ಟು, ಕಿಟಕಿಯ ಮೇಲೆ ಹೋಗ್ತಿದ್ದ ಇರುವೆ ಸಾಲು ನೋಡ್ತಾ ಕೂತಿದ್ದಳು. ಬೈಸಿಕೊಂಡು, ಅತ್ತು ಮಲಗಿದಳು. ನನಗೆ ನಿದ್ದೆ ಬರಲಿಲ್ಲ.

ಅವಳು ಓದೋದು ಎಲ್‌ಕೆಜಿ. ಅದರಲ್ಲಿರೋ ಕೆಜಿ ಅಂದ್ರೆ ಕಿಂಡರ್‌ಗಾರ್ಟನ್. ಜರ್ಮನ್ ಭಾಷೆಯಲ್ಲಿ ಮಕ್ಕಳ ತೋಟ. 1840ರಲ್ಲಿ ಆ ಹೆಸರಿಟ್ಟಾತ ಫ್ರೆಡ್ರಿಕ್ ಫ್ರೋಬೆಲ್. ಬಿ.ಎಡ್. ಪರೀಕ್ಷೆಗೆ ನಾನು ಬಾಯಿಪಾಠ ಮಾಡಿದ್ದ ಹೆಸರು. ಆತನ ಬದುಕು ಈಗ ನೆನಪಾಗಿ ಚುಚ್ಚುತ್ತಿದೆ.

ಫ್ರೋಬೆಲ್ ಹುಟ್ಟಿದ್ದು 1782ರಲ್ಲಿ, ಜರ್ಮನಿಯ ತುರಿಂಗಿಯಾ ಕಾಡಿನ ಒಂದು ಹಳ್ಳಿಯಲ್ಲಿ. ವರ್ಷ ತುಂಬುವ ಮೊದಲೇ ತಾಯಿ ತೀರಿಕೊಂಡರು. ಪಾದ್ರಿಯಾಗಿದ್ದ ತಂದೆಗೆ ಮಗನ ಕಡೆ ಗಮನ ಕೊಡಲು ಪುರುಸೊತ್ತಿರಲಿಲ್ಲ. ಮಲತಾಯಿಗೆ ಸ್ವಂತ ಮಗು ಹುಟ್ಟಿದ ಮೇಲೆ ಈ ಹುಡುಗ ಬೇಡವಾದ. ಇವನು ದಡ್ಡ ಅಂತ ತಂದೆ ತೀರ್ಮಾನಿಸಿಬಿಟ್ಟಿದ್ದರು. ಅವನಿಗೆ ಜೊತೆಯಾಗಿದ್ದು ಮನೆಯ ತೋಟ, ಗಿಡ, ಹೂವು. ಹತ್ತನೇ ವಯಸ್ಸಿನಲ್ಲಿ ಸೋದರಮಾವ ಕರೆದುಕೊಂಡು ಹೋದ ಮೇಲೆಯೇ ಒಂದಿಷ್ಟು ಅಕ್ಕರೆ ಕಂಡ. ಹದಿನೈದಕ್ಕೆ ಕಾಡು ನೋಡಿಕೊಳ್ಳುವ ಅಧಿಕಾರಿಯೊಬ್ಬರ ಬಳಿ ಕೆಲಸ ಕಲಿಯಲು ಸೇರಿಸಿದರು. ಅವರು ಹೆಚ್ಚೇನೂ ಕಲಿಸಲಿಲ್ಲ; ಎರಡು ವರ್ಷ ಕಾಡೇ ಕಲಿಸಿತು.

ಕಟ್ಟಡ ವಿನ್ಯಾಸ ಕಲಿಯೋಣವೆಂದು 1805ರಲ್ಲಿ ಫ್ರಾಂಕ್‌ಫರ್ಟಿಗೆ ಹೋದಾತ ಅಲ್ಲಿ ಮೇಷ್ಟ್ರಾದ. ಮುಂದೆ ಸ್ವಿಟ್ಜರ್ಲೆಂಡಿನ ಪೆಸ್ಟಲಾಟ್ಸಿಯ ಶಾಲೆಯಲ್ಲಿ ಎರಡು ವರ್ಷ ಕಳೆದ. ಆಮೇಲೆ ಬರ್ಲಿನ್‌ನಲ್ಲಿ ಹರಳುಗಳ ಅಧ್ಯಯನಕ್ಕಿಳಿದ. ಹರಳು, ಗಿಡ, ಮಗು ಎಲ್ಲವೂ ತಮ್ಮೊಳಗಿನ ನಿಯಮದಂತೆ ಬೆಳೆಯುತ್ತವೆ ಎಂಬುದು ಆತನ ಗಟ್ಟಿ ನಂಬಿಕೆ.

ಐವತ್ತೈದನೇ ವಯಸ್ಸಿನಲ್ಲಿ, 1837ರಲ್ಲಿ, ಬ್ಲಾಂಕೆನ್‌ಬುರ್ಗ್ ಎಂಬ ಊರಲ್ಲಿ ಪುಟ್ಟ ಮಕ್ಕಳಿಗಾಗಿ ಕೆಲಸ ಶುರುಮಾಡಿದ. ಉಣ್ಣೆಯ ಚೆಂಡು, ಮರದ ಗೋಲ, ಎಂಟು ತುಂಡಾಗಿ ಬಿಡಿಸಿ ಮತ್ತೆ ಜೋಡಿಸಬಹುದಾದ ಘನ. ಜೊತೆಗೆ ಹಾಡು, ಕುಣಿತ. ಪ್ರತಿ ಮಗುವಿಗೂ ತೋಟದಲ್ಲಿ ಒಂದು ಪಾತಿ, ಎಲ್ಲರಿಗೂ ಸೇರಿದ ಪಾತಿ ಬೇರೆ. ಆಟವೇ ಪಾಠ. ಮಗು ಎತ್ತ ಹೋಗ್ತಿದೆ ಅಂತ ನೋಡಿ, ಅದರ ಹಿಂದೆ ಹೋಗೋದು ಕಲಿಸುವವರ ಕೆಲಸ.

ಇಂಥ ತೋಟಗಳು ನಾಸ್ತಿಕತೆ, ಸಮಾಜವಾದ ಹರಡುತ್ತವೆ ಎಂದು 1851ರಲ್ಲಿ ಪ್ರಷ್ಯಾ ಸರ್ಕಾರ ನಿಷೇಧ ಹೇರಿತು. ಅಣ್ಣನ ಮಗ ಕಾರ್ಲ್ ಬರೆದದ್ದನ್ನು ಈತನ ತಲೆಗೆ ಕಟ್ಟಿದ್ದೂ ಅದಕ್ಕೆ ಕಾರಣ. ಮರುವರ್ಷವೇ ಫ್ರೋಬೆಲ್ ತೀರಿಕೊಂಡ. ನಿಷೇಧ ಹೋಗಿದ್ದು 1860ರಲ್ಲಿ.

ಮುಂದೆ ಕೆಲವು ಅನುಯಾಯಿಗಳೇ ಆ ಗೋಲ, ಘನಗಳ ಆಟವನ್ನು ಕವಾಯತು ಮಾಡಿಬಿಟ್ಟರು. ನಾವು ಇನ್ನೂ ಮುಂದೆ ಹೋಗಿ, ತೋಟ ಕಿತ್ತುಹಾಕಿ ಎರಡು ಅಕ್ಷರ ಉಳಿಸಿಕೊಂಡಿದ್ದೇವೆ. ಸರ್ಕಾರದ ನಿಷೇಧ ಒಂಬತ್ತು ವರ್ಷಕ್ಕೆ ಮುಗಿಯಿತು. ನಮ್ಮಂಥ ಹೆತ್ತವರು ಫೀಸು ಕಟ್ಟಿ ಹಾಕಿಸಿರೋ ನಿಷೇಧ ತೆಗೆಯೋರು ಯಾರು?

ಪುಟ ತುಂಬದಿದ್ದರೂ ಡೈರಿಗೆ ಸಹಿ ಹಾಕಿ ಕಳಿಸಿದೆ. ಮಿಸ್ ಕರೆಸಿದ್ದಾರೆ. ನಾಳೆ ಹೋಗಬೇಕು.