ಆಯ್ದಕ್ಕಿ ಲಕ್ಕಮ್ಮನ ಗೃಹನೀತಿ

ಗೃಹಸ್ಥಧರ್ಮದ ಭಾರವೆಲ್ಲವೂ ಕಟ್ಟಕಡೆಗೆ ಬಂದು ನಿಲ್ಲುವುದು ಅಡಿಗೆಯ ಮನೆಯಲ್ಲಿ. ಪತಿಯು ಎಷ್ಟೇ ದುಡಿದು ತರಲಿ, ಸತಿಯು ಎಷ್ಟೇ ಜಾಣೆಯಾಗಿರಲಿ, ಒಲೆಯ ಮೇಲಿಡುವ ಪಾತ್ರೆಗೆ ಒಂದು ಅಳತೆಯಿಲ್ಲದಿದ್ದರೆ ಆ ಮನೆಗೆ ನೆಮ್ಮದಿಯಿಲ್ಲ. ಈ ಅಳತೆಯನ್ನು ಬರಿಯ ಮಿತವ್ಯಯದ ಉಪಾಯವೆಂದು ಬಗೆಯದೆ ಶಿವಾಚಾರದ ಒಂದು ಅಂಗವೆಂದೇ ತಿಳಿದು, ಅದರಂತೆ ಬಾಳಿ ತೋರಿಸಿದ ಮಹಾಶರಣೆಯೊಬ್ಬಳು ೧೨ನೆಯ ಶತಮಾನದ ಕಲ್ಯಾಣದಲ್ಲಿದ್ದಳು. ಆಕೆಯೇ ಆಯ್ದಕ್ಕಿ ಲಕ್ಕಮ್ಮ. ಆಕೆಗೆ ಅರಮನೆಯಿರಲಿಲ್ಲ, ಕಣಜವಿರಲಿಲ್ಲ. ಅಂಗಳದಲ್ಲಿ ಚೆಲ್ಲಿದ ಅಕ್ಕಿಯೇ ಆಕೆಯ ಸಂಸಾರದ ಆಧಾರ. ಆದರೂ ದಾಸೋಹದ ಮಾತು ಬಂದಾಗ ಶರಣಲೋಕವು ಇಂದಿಗೂ ಆಕೆಯ ಹೆಸರನ್ನು ಗೌರವದಿಂದ ನೆನೆಯುತ್ತದೆ. ಇದು ಹೇಗೆ ಸಾಧ್ಯವಾಯಿತೆಂಬುದನ್ನು ವಿಚಾರಿಸಿದರೆ ಗೃಹಸ್ಥರೆಲ್ಲರಿಗೂ ಬೇಕಾದ ಒಂದು ನೀತಿಯು ದೊರೆಯುವುದು.

ಲಕ್ಕಮ್ಮನ ಮತ್ತು ಆಕೆಯ ಪತಿ ಮಾರಯ್ಯನ ಮೂಲಸ್ಥಾನ ಅಮರೇಶ್ವರ. ಈ ಕ್ಷೇತ್ರವು ರಾಯಚೂರು ಜಿಲ್ಲೆಯ ಲಿಂಗಸೂಗೂರು ತಾಲ್ಲೂಕಿನಲ್ಲಿದೆ. ಅದು ಬಿಸಿಲಿನ ಸೀಮೆ. ಮಳೆಯನ್ನು ನಂಬಿ ಜೋಳ ಸಜ್ಜೆಗಳನ್ನು ಬೆಳೆದು ಬದುಕುವ ಒಣ ಬೇಸಾಯದ ನಾಡು. ಇಂಥ ನೆಲದಲ್ಲಿ ಹುಟ್ಟಿದವರಿಗೆ ಕಾಳಿನ ಬೆಲೆಯನ್ನು ಬೇರೆಯವರು ಕಲಿಸಬೇಕಾಗಿಲ್ಲ. ಊರಿನ ದೈವವಾದ ಅಮರೇಶ್ವರನಲ್ಲಿ ಈ ದಂಪತಿಗಳಿಗೆ ಅಚಲವಾದ ಭಕ್ತಿ. ಮುಂದೆ ತಮ್ಮ ವಚನಗಳಲ್ಲಿಯೂ ಇಬ್ಬರೂ ಆ ಲಿಂಗದ ಹೆಸರನ್ನೇ ಅಂಕಿತವಾಗಿ ಉಳಿಸಿಕೊಂಡರು. ಲಕ್ಕಮ್ಮನು ತನ್ನ ಅಂಕಿತದಲ್ಲಿ ಪತಿಯ ಹೆಸರನ್ನೂ ಲಿಂಗದ ಹೆಸರನ್ನೂ ಒಂದಾಗಿ ಸೇರಿಸಿದುದು ಅವರ ದಾಂಪತ್ಯದ ಸೊಗಸಿಗೆ ಸಾಕ್ಷಿಯಾಗಿದೆ.

ಆ ಕಾಲದಲ್ಲಿ ಕಲಚುರಿ ಬಿಜ್ಜಳನ ರಾಜಧಾನಿಯಾದ ಕಲ್ಯಾಣದ ಕೀರ್ತಿಯು ನಾಡಿನ ಮೂಲೆಮೂಲೆಗೂ ಹಬ್ಬಿತ್ತು. ಭಂಡಾರಿ ಬಸವಣ್ಣನವರ ಮಹಾಮನೆಯಲ್ಲಿ ಜಾತಿಕುಲಗಳ ಭೇದವಿಲ್ಲದೆ ಶರಣರಿಗೆ ಆದರ ದೊರೆಯುತ್ತಿತ್ತು. ಅನುಭವಮಂಟಪದಲ್ಲಿ ಅಲ್ಲಮಪ್ರಭುಗಳ ಸನ್ನಿಧಿಯಲ್ಲಿ ಶಿವಾನುಭವಗೋಷ್ಠಿಯು ನಡೆಯುತ್ತಿತ್ತು. ಈ ವಾರ್ತೆಯನ್ನು ಕೇಳಿ ಮಾರಯ್ಯ ಲಕ್ಕಮ್ಮರು ಹುಟ್ಟಿದೂರನ್ನು ಬಿಟ್ಟು ಕಲ್ಯಾಣಕ್ಕೆ ಬಂದರು. ಬಂದವರು ಮಹಾಮನೆಯ ಅನ್ನದ ಸಾಲಿನಲ್ಲಿ ಕುಳಿತು ಹಾಯಾಗಿ ಇರಬಹುದಾಗಿತ್ತು. ಹಾಗೆ ಇರಲಿಲ್ಲ. ಶರಣರ ಸಂಗವೇನೋ ಬೇಕು, ಆದರೆ ಹೊಟ್ಟೆಯ ಅನ್ನ ತಮ್ಮ ಕಾಯಕದಿಂದಲೇ ಬರಬೇಕು ಎಂಬುದು ಅವರ ನಿಷ್ಠೆ.

ಕಲ್ಯಾಣದ ಶರಣರಲ್ಲಿ ಒಬ್ಬೊಬ್ಬರದು ಒಂದೊಂದು ಕಾಯಕ. ನುಲಿಯ ಚಂದಯ್ಯನು ಹುಲ್ಲು ತಂದು ಹಗ್ಗ ಹೊಸೆದನು. ಮೋಳಿಗೆಯ ಮಾರಯ್ಯನು ಕಟ್ಟಿಗೆ ಹೊತ್ತನು. ಅಮರೇಶ್ವರದ ಮಾರಯ್ಯನು ಆರಿಸಿಕೊಂಡ ಕಾಯಕ ಇವೆಲ್ಲಕ್ಕಿಂತ ಸಣ್ಣದಾಗಿ ತೋರುವಂಥದು. ಮಹಾಮನೆಗೆ ಬರುವ ಧಾನ್ಯವನ್ನು ಇಳಿಸುವಾಗ, ಅಳೆಯುವಾಗ, ಕೇರುವಾಗ ಅಂಗಳದಲ್ಲಿ ಕಾಳು ಚೆಲ್ಲುವುದು ಸಹಜ. ಹೋಗುವವರ ಬರುವವರ ಕಾಲಿಗೆ ಸಿಕ್ಕಿ ಮಣ್ಣುಪಾಲಾಗುವ ಆ ಅಕ್ಕಿಯನ್ನು ಆತನು ಬಾಗಿ ಒಂದೊಂದಾಗಿ ಆಯ್ದು ತರುವನು. ಅದರಿಂದಲೇ ಆಯ್ದಕ್ಕಿಯ ಮಾರಯ್ಯನೆಂದು ಹೆಸರಾಯಿತು. ಆತನದು ಭಿಕ್ಷೆಯಲ್ಲ, ಏಕೆಂದರೆ ಯಾರ ಮುಂದೆಯೂ ಆತನು ಕೈ ಚಾಚಲಿಲ್ಲ. ಅಪಹರಣವೂ ಅಲ್ಲ, ಏಕೆಂದರೆ ಹಾಳಾಗಲಿದ್ದುದನ್ನು ತನ್ನ ಶ್ರಮದಿಂದ ಉಳಿಸಿದನು. ನೆಲದ ಪಾಲಾಗುವ ಕಾಳನ್ನು ಲಿಂಗದ ಪಾಲು ಮಾಡುವುದೇ ಆ ಕಾಯಕದ ತಿರುಳು.

ಆಯ್ದು ತಂದ ಅಕ್ಕಿಯು ಮನೆಗೆ ಬಂದ ಮೇಲೆ ಲಕ್ಕಮ್ಮನ ಕಾಯಕ ಮೊದಲಾಗುವುದು. ಕಣಜದ ಅಕ್ಕಿಯಂತೆ ನೆಲದ ಅಕ್ಕಿಯನ್ನು ನೇರವಾಗಿ ಒಲೆಗೆ ಏರಿಸಲಾಗದು. ಮೊರದಲ್ಲಿ ಕೇರಿ ಧೂಳು ಹೊಟ್ಟುಗಳನ್ನು ಹಾರಿಸಬೇಕು. ಕಲ್ಲು ಹರಳುಗಳನ್ನು ಆರಿಸಬೇಕು. ನೀರಿನಲ್ಲಿ ಜಾಲಿಸಿ ಮಣ್ಣು ತೆಗೆಯಬೇಕು. ಇಡಿಯ ಕಾಳನ್ನೂ ನುಚ್ಚನ್ನೂ ಬೇರ್ಪಡಿಸಿ ಒಂದನ್ನು ಅನ್ನಕ್ಕೆ, ಇನ್ನೊಂದನ್ನು ಗಂಜಿಗೆ ಹೊಂದಿಸಬೇಕು. ಇಂಥ ಅಡಿಗೆಯಲ್ಲಿ ಪದಾರ್ಥಕ್ಕಿಂತ ಕೈಯ ಶ್ರಮವೇ ಹೆಚ್ಚು. ಹೀಗೆ ಸಿದ್ಧವಾದ ಅನ್ನವನ್ನು ಲಿಂಗಕ್ಕೆ ಅರ್ಪಿಸಿ, ಬಂದ ಜಂಗಮರಿಗೆ ನೀಡಿ, ಉಳಿದುದನ್ನು ಪ್ರಸಾದವಾಗಿ ಸ್ವೀಕರಿಸುವುದು ಆ ದಂಪತಿಗಳ ನಿತ್ಯನೇಮ. ಇಂದಿನ ಅಕ್ಕಿ ಇಂದಿಗೆ. ನಾಳಿನದು ನಾಳಿನ ಕಾಯಕಕ್ಕೆ ಸೇರಿದುದು.

ಒಂದು ದಿನ ಮಾರಯ್ಯನು ಶರಣರ ಗೋಷ್ಠಿಯಲ್ಲಿ ಕುಳಿತು ಪ್ರಭುಗಳೊಡನೆ ತತ್ತ್ವವಿಚಾರದಲ್ಲಿ ಮೈಮರೆತನು. ಹೊತ್ತು ಏರಿತು, ಕಾಯಕದ ಸಮಯ ಮೀರುತ್ತಿತ್ತು. ಲಕ್ಕಮ್ಮನು ಬಂದು, ಕಾಯಕವು ನಿಂತುಹೋಯಿತೆಂದು ಆತನನ್ನು ಎಚ್ಚರಿಸಿದಳು. ಶಿವಾನುಭವದ ಮಾತು ಎಷ್ಟೇ ಸವಿಯಾಗಿದ್ದರೂ ಅದು ಕೈಯ ಕೆಲಸವನ್ನು ನಿಲ್ಲಿಸುವುದಾದರೆ ಆಕೆಗೆ ಸಮ್ಮತವಲ್ಲ. ಮಾರಯ್ಯನು ಎದ್ದು ತ್ವರೆಯಿಂದ ಮಹಾಮನೆಯ ಅಂಗಳಕ್ಕೆ ಹೋದನು. ಅಂದು ಅಲ್ಲಿ ಎಂದಿಗಿಂತ ಹೆಚ್ಚು ಅಕ್ಕಿ ಚೆಲ್ಲಿತ್ತು. ಈ ದಂಪತಿಗಳ ನಿಷ್ಠೆಯನ್ನು ಲೋಕಕ್ಕೆ ತೋರಿಸಬೇಕೆಂದು ಬಸವಣ್ಣನವರೇ ಹಾಗೆ ಚೆಲ್ಲಿಸಿದರೆಂದು ಕೆಲವು ಕಥೆಗಳು ಹೇಳುತ್ತವೆ. ಹೊತ್ತು ಮೀರಿದ ಆತುರದಲ್ಲಿದ್ದ ಮಾರಯ್ಯನು ಎಂದಿನ ಅಳತೆಯನ್ನು ಮರೆತು, ಸಿಕ್ಕಷ್ಟನ್ನು ಕಟ್ಟಿಕೊಂಡು ಮನೆಗೆ ತಂದನು.

ಹೆಚ್ಚು ತಂದ ಪತಿಯನ್ನು ಸಾಮಾನ್ಯ ಗೃಹಿಣಿಯು ಹೊಗಳುವಳು. ನಾಲ್ಕು ದಿನದ ಚಿಂತೆ ನೀಗಿತೆಂದು ಗಡಿಗೆ ತುಂಬುವಳು. ಲಕ್ಕಮ್ಮನು ಗಂಟನ್ನು ಕಂಡೊಡನೆಯೇ ಅಳತೆ ತಪ್ಪಿದುದನ್ನು ಅರಿತಳು. ಇಷ್ಟು ಅಕ್ಕಿಯು ತಮ್ಮ ಮನೆಗೆ ಏಕೆಂದು ಕೇಳಿದಳು. ಎರಡನೆಯ ಮನಸ್ಸೊಂದು ಮಾರಯ್ಯನೊಳಗೆ ಹೊಕ್ಕಿತೆ, ಅಥವಾ ಇದು ಬಸವಣ್ಣನವರ ಪರೀಕ್ಷೆಯೆ ಎಂದು ಶಂಕಿಸಿದಳು. ಭಂಡಾರವನ್ನು ತುಂಬಿಕೊಳ್ಳುವ ಹಂಬಲ ಆಳುವವರಿಗೆ ಸಲ್ಲಬಹುದು, ಶಿವನನ್ನು ನಂಬಿದವರಿಗೆ ಸಲ್ಲದೆಂದು ತಿಳಿಯಹೇಳಿದಳು. ನಿತ್ಯದ ಪಡಿಯಷ್ಟು ಮಾತ್ರ ಉಳಿಯಲಿ, ಮಿಕ್ಕುದನ್ನು ಎಲ್ಲಿಂದ ತಂದುದೋ ಅಲ್ಲಿಯೇ ಸುರಿದು ಬರಬೇಕೆಂದು ಪತಿಗೆ ವಿಧಿಸಿದಳು. ಮಾರಯ್ಯನು ಮರುನುಡಿಯಲಿಲ್ಲ. ಹೆಂಡತಿಯ ಮಾತಿಗೆ ತಲೆಬಾಗಿ, ಮತ್ತೆ ಮಹಾಮನೆಗೆ ನಡೆದು, ಹೆಚ್ಚಿನ ಅಕ್ಕಿಯನ್ನು ಅಂಗಳದಲ್ಲಿ ಸುರಿದು ಬಂದನು. ಅಷ್ಟೇ ಅಲ್ಲ, ಅಂದಿನಿಂದ ಆತನು ಆಕೆಯಲ್ಲಿ ಅರಿವಿನ ಮಾರ್ಗವನ್ನು ಕೇಳಿದನು, ಆಕೆ ಉಪದೇಶಿಸಿದಳು. ಸತಿಯು ಪತಿಗೆ ಗುರುವಾದ ಪ್ರಸಂಗಗಳು ಲೋಕದಲ್ಲಿ ವಿರಳ. ಇಲ್ಲಿ ಆ ಗುರುತ್ವಕ್ಕೆ ಒಂದು ಅಕ್ಕಿಯ ಗಂಟು ಕಾರಣವಾಯಿತು.

ಹಿಂದಿರುಗಿಸಿದ ಅಕ್ಕಿಯು ಕದ್ದುದಾಗಿರಲಿಲ್ಲ, ಬೇಡಿದುದೂ ಆಗಿರಲಿಲ್ಲ. ಹಾಗಾದರೆ ಅದರಲ್ಲಿ ದೋಷವೇನು? ಮೊದಲನೆಯದಾಗಿ, ತನಗೆ ಬೇಕಾದುದಕ್ಕಿಂತ ಹೆಚ್ಚು ಎತ್ತಿಕೊಂಡರೆ ಅದು ಇನ್ನೊಬ್ಬರ ಪಾಲು. ಎರಡನೆಯದಾಗಿ, ನಾಳಿನ ಅಕ್ಕಿ ಇಂದೇ ಮನೆಯಲ್ಲಿದ್ದರೆ ನಾಳೆ ಕೈಯು ಕಾಯಕಕ್ಕೆ ಬಾಗಲು ಹಿಂಜರಿಯುವುದು. ಮೂರನೆಯದು ಇವೆರಡಕ್ಕಿಂತಲೂ ಸೂಕ್ಷ್ಮವಾದುದು. ಗಡಿಗೆಯು ತುಂಬಿದಂತೆ ಅದನ್ನು ಕಾಯುವ ಭಯವೂ ತುಂಬುವುದು, ಭಯವಿರುವ ಮನೆಯಲ್ಲಿ ಅತಿಥಿಯು ಹೊರೆಯಾಗಿ ಕಾಣುವನು. ಲಕ್ಕಮ್ಮನು ಕಾಪಾಡಿದುದು ಕೇವಲ ಮನೆಯ ಲೆಕ್ಕವನ್ನಲ್ಲ. ಬಾಗಿಲನ್ನು ತೆರೆದಿಡುವ ಮನಸ್ಸನ್ನು.

ಈ ಪ್ರಸಂಗದ ಮುಂದಿನ ಭಾಗವೇ ಅದಕ್ಕೆ ದೃಷ್ಟಾಂತ. ಅಂದಿನ ಪಡಿಯಷ್ಟು ಅಕ್ಕಿಯಿಂದಲೇ ಅಡಿಗೆ ಮಾಡಿ, ಬಸವಣ್ಣನವರು ಮೊದಲಾದ ಸಮಸ್ತ ಗಣಂಗಳನ್ನು ಆ ದಂಪತಿಗಳು ಪ್ರಸಾದಕ್ಕೆ ಬರಮಾಡಿಕೊಂಡರು. ಲಕ್ಷದ ಮೇಲೆ ತೊಂಬತ್ತಾರು ಸಾವಿರ ಜಂಗಮರಿಗೆ ಆ ಅನ್ನವು ಸಾಕಾಯಿತೆಂದು ಸಂಪ್ರದಾಯವು ಹೇಳುವುದು. ಇದನ್ನು ಪವಾಡವೆಂದು ನಂಬುವವರು ನಂಬಲಿ. ಪವಾಡದ ಒಳಗಿನ ಅರ್ಥ ಮಾತ್ರ ಎಲ್ಲರಿಗೂ ಸ್ಪಷ್ಟವಾದುದು. ಉಳಿದರೆ ಕೊಡೋಣವೆನ್ನುವ ಮನೆಯಲ್ಲಿ ಎಂದಿಗೂ ಉಳಿಯುವುದಿಲ್ಲ. ಲಕ್ಕಮ್ಮನು ಅತಿಥಿಯ ಪಾಲನ್ನು ಕಡೆಯಲ್ಲಿ ಹುಡುಕಿದವಳಲ್ಲ. ಅಕ್ಕಿಯನ್ನು ಅಳೆಯುವಾಗಲೇ ಅದನ್ನು ಸೇರಿಸಿ ಅಳೆದವಳು. ಆದುದರಿಂದ ಆಕೆಯ ಮನೆಯಲ್ಲಿ ದಾಸೋಹಕ್ಕೆ ಕೊರತೆಯೆಂಬುದು ಬರಲಿಲ್ಲ.

ಮನಸ್ಸು ಶುದ್ಧವಾಗಿದ್ದು ಕಾಯಕದಲ್ಲಿ ನಿರತರಾದವರಿಗೆ ಬಡತನವೆಂಬುದಿಲ್ಲವೆಂದು ಆಕೆಯ ವಚನಗಳು ಸಾರುತ್ತವೆ. ದಾಸೋಹವು ಕೈಯಲ್ಲಿರುವಾಗ ಬೇರೆ ಕೈಲಾಸವನ್ನು ಬಯಸುವುದೇಕೆಂದೂ ಆಕೆ ಪ್ರಶ್ನಿಸಿದ್ದಾಳೆ. ಕಾಯಕವನ್ನೇ ಕೈಲಾಸವಾಗಿ ಕಾಣುವ ದೃಷ್ಟಿಯು ಮಾರಯ್ಯನ ವಚನದಲ್ಲಿ ನೆಲೆಗೊಂಡಿರುವುದನ್ನು ನೋಡಿದರೆ, ದಂಪತಿಗಳಿಬ್ಬರ ಅನುಭಾವವೂ ಒಂದೇ ಒಲೆಯ ಬೆಂಕಿಯಲ್ಲಿ ಪಕ್ವವಾಯಿತೆಂದು ತಿಳಿಯುವುದು. ಲಕ್ಕಮ್ಮನವೆಂದು ಇಂದು ದೊರೆತಿರುವ ವಚನಗಳು ಸುಮಾರು ೨೫ ಮಾತ್ರ. ೧೫ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನವರು ಮೊದಲು ಸಂಕಲಿಸಿದ ಶೂನ್ಯಸಂಪಾದನೆಯ ಪರಂಪರೆಯು ಈ ದಂಪತಿಗಳ ಪ್ರಸಂಗವನ್ನು ಆದರದಿಂದ ಉಳಿಸಿಕೊಂಡು ಬಂದಿದೆ. ಅರಸರ ದಾನಶಾಸನಗಳು ಕಲ್ಲಿನಲ್ಲಿ ಉಳಿದರೆ, ಹಿಂದಿರುಗಿಸಿದ ಅಕ್ಕಿಯ ಕಥೆಯು ಜನರ ನಾಲಗೆಯಲ್ಲಿ ಉಳಿಯಿತು.

ಬಡವರಿಗೆ ಮಿತವ್ಯಯವನ್ನು ಬೋಧಿಸುವುದು ಸುಲಭ. ಅದು ಅನೇಕ ಸಲ ಕ್ರೌರ್ಯವೂ ಆಗುವುದು. ಲಕ್ಕಮ್ಮನ ನೀತಿಯನ್ನು ಹಾಗೆ ತಿರುಚಬಾರದು. ಆಕೆ ಪತಿಗೆ ಕಡಿಮೆ ಉಣ್ಣೆಂದು ಹೇಳಲಿಲ್ಲ, ಹೆಚ್ಚು ಕೂಡಿಡಬೇಡವೆಂದಳು. ಹಸಿದವನ ತುತ್ತನ್ನು ಅಳೆಯುವುದು ಜಿಪುಣತನ, ತನ್ನ ಆಸೆಯನ್ನು ಅಳೆಯುವುದು ಶಿವಾಚಾರ. ಮಕ್ಕಳಿಗೆ ಬೇಕಾದ ಹಾಲು ಬೇಳೆಗಳನ್ನು ಕಡಿದು ಉಳಿಸಿದ ಹಣವು ಉಳಿತಾಯವಲ್ಲ. ಹಾಗೆಯೇ, ಆಕೆಯ ದಿನದ ಪಡಿಯನ್ನು ಇಂದಿನವರು ಅಕ್ಷರಶಃ ಅನುಸರಿಸಬೇಕಾಗಿಯೂ ಇಲ್ಲ. ಆಕೆಯ ಮನೆಗೆ ಕಾಯಕದ ಫಲ ದಿನದಿನವೂ ಬರುತ್ತಿತ್ತು, ಅಳತೆಯೂ ದಿನದ್ದಾಯಿತು. ತಿಂಗಳ ಸಂಬಳದ ಮನೆಗೆ ತಿಂಗಳೇ ಅಳತೆ. ಮುಖ್ಯವಾದುದು ದಿನವೂ ಅಲ್ಲ, ತಿಂಗಳೂ ಅಲ್ಲ, ಒಂದು ಎಲ್ಲೆಯಿರಬೇಕೆಂಬುದು.

ಮಾರಯ್ಯ ಲಕ್ಕಮ್ಮರು ಬಿಟ್ಟು ಬಂದ ಸೀಮೆಯಿಂದ ಇಂದಿಗೂ ಜನರು ಕೆಲಸವನ್ನರಸಿ ಹೊರಡುವುದುಂಟು. ಅದನ್ನು ಅಲ್ಲಿಯವರು ಗುಳೆ ಹೋಗುವುದೆನ್ನುವರು. ರಾಯಚೂರು, ಯಾದಗಿರಿ, ಕಲಬುರಗಿಗಳ ಅನೇಕ ಕುಟುಂಬಗಳಿಗೆ ಈಗಿನ ಕಲ್ಯಾಣವೆಂದರೆ ಬೆಂಗಳೂರು. ಪೀಣ್ಯದ ಕಾರ್ಖಾನೆಗಳ ಸುತ್ತಿನ ಬಾಡಿಗೆಯ ಕೋಣೆಗಳಲ್ಲಿ, ವೈಟ್‌ಫೀಲ್ಡ್ ಮತ್ತು ಎಲೆಕ್ಟ್ರಾನಿಕ್ ಸಿಟಿಗಳ ಎತ್ತರದ ಕಟ್ಟಡಗಳನ್ನು ಕಟ್ಟುವವರ ತಗಡಿನ ಮನೆಗಳಲ್ಲಿ, ಎಷ್ಟೋ ಮಂದಿ ಲಕ್ಕಮ್ಮರು ಸಂಜೆಯ ಒಲೆ ಹಚ್ಚುತ್ತಿರುವರು. ಬಾಡಿಗೆ ಕೊಟ್ಟು, ಊರಿಗೆ ಹಣ ಕಳುಹಿಸಿ, ಮಿಕ್ಕುದರಲ್ಲಿ ಅಡಿಗೆ ಸಾಗಬೇಕು. ೨೦೧೩ರಲ್ಲಿ ಆರಂಭವಾದ ಅನ್ನಭಾಗ್ಯದಿಂದ ಪಡಿತರದ ಅಕ್ಕಿಯ ಭಾರ ಎಷ್ಟೋ ಮನೆಗಳಲ್ಲಿ ಹಗುರವಾಯಿತು. ಆದರೆ ಬೇಳೆ, ಎಣ್ಣೆ, ತರಕಾರಿಗಳನ್ನು ಕೊಂಡೇ ತರಬೇಕು. ಅದೇ ಕಟ್ಟಡಗಳೊಳಗೆ ಕುಳಿತು ದುಡಿಯುವವರಿಗೆ ಇದಕ್ಕೆ ವಿಪರೀತವಾದ ಕಷ್ಟ. ಕೈಯಲ್ಲಿನ ಮೊಬೈಲಿನಿಂದ ಊಟವನ್ನು ಬಾಗಿಲಿಗೇ ತರಿಸುವ ಅನುಕೂಲವಿದೆ. ಮನೆಯಲ್ಲಿ ಮಾಡಿದ ಅನ್ನವು ಶೀತಪೆಟ್ಟಿಗೆಯಲ್ಲಿ ಹಳಸುವುದು. ಬೆಂಗಳೂರಿನ ಮದುವೆಗಳಲ್ಲಿ ವರ್ಷಕ್ಕೆ ೯೪೩ ಟನ್ ಆಹಾರವು ವ್ಯರ್ಥವಾಗುವುದೆಂದು ಅಲ್ಲಿನ ಕೃಷಿ ವಿಶ್ವವಿದ್ಯಾನಿಲಯದವರು ೨೦೧೨ರಲ್ಲಿ ಲೆಕ್ಕಹಾಕಿ ಹೇಳಿದರು. ಆಯ್ದುಕೊಳ್ಳುವವರಿಲ್ಲದೆ ಚೆಲ್ಲುವ ಅನ್ನ ಇದು.

ಈ ಎರಡು ಬಗೆಯ ಮನೆಗಳಿಗೂ ಲಕ್ಕಮ್ಮನ ಅಡಿಗೆಯ ಮನೆ ಒಂದೇ ಪಾಠವನ್ನು ಹೇಳುವುದು. ಸಂಬಳ ಬಂದ ದಿನವೇ ಊಟದ ಪಾಲನ್ನು ಬೇರೆಯಿಡಬೇಕು. ಸಾಲ ತಂದು ನಾಲಗೆಯ ಚಪಲವನ್ನು ತೀರಿಸಬಾರದು. ಒಲೆ ಹಚ್ಚುವ ಮೊದಲು ಉಣ್ಣುವವರನ್ನು ಎಣಿಸಿ, ಅಕ್ಕಿಯನ್ನು ಪಾವಿನಿಂದ ಅಳೆಯಬೇಕು. ಕಣ್ಣಳತೆಗೆ ಆಸೆಯೇ ಕೈ ಹಿಡಿಯುವುದು. ನುಚ್ಚಿಗೂ ಗಂಜಿಗೂ ಅಡಿಗೆಯಲ್ಲಿ ಒಂದು ಸ್ಥಾನ ಕೊಡಬೇಕು. ಎಲ್ಲಕ್ಕೂ ಮಿಗಿಲಾಗಿ, ಅಳೆದ ಅಕ್ಕಿಯಿಂದ ಒಂದು ಹಿಡಿಯನ್ನು ಮೊದಲೇ ತೆಗೆದು ದಾಸೋಹಕ್ಕೆ ಇಡಬೇಕು. ಮನೆಮನೆಯ ಇಂಥ ಹಿಡಿ ಧಾನ್ಯದಿಂದ ಮಠಗಳ ಪ್ರಸಾದನಿಲಯಗಳು ನಡೆದು, ಬಡ ಮಕ್ಕಳು ಉಂಡು ಓದಿ ಮೇಲೆ ಬಂದುದನ್ನು ಈ ನಾಡು ಕಂಡಿದೆ. ಒಂದು ಹಿಡಿ ತೆಗೆದುದರಿಂದ ಯಾವ ಮನೆಯೂ ಬಡವಾಗಲಿಲ್ಲ.

ಕಲ್ಯಾಣದ ಮಹಾಮನೆಯು ಇಂದು ಇತಿಹಾಸವನ್ನು ಸೇರಿದೆ. ಬಿಜ್ಜಳನ ಭಂಡಾರದ ಗುರುತೂ ಉಳಿದಿಲ್ಲ. ಆದರೆ ಬೇಡವಾದುದನ್ನು ಹಿಂದಕ್ಕೆ ಕೊಟ್ಟ ಆ ತಾಯಿಯ ಅಳತೆಯು ಇನ್ನೂ ಸವೆದಿಲ್ಲ. ಗಂಡನು ತಂದುದನ್ನು ತೂಗಿ ನೋಡುವ ಧೈರ್ಯ ಹೆಂಡತಿಗೂ, ಆಕೆಯ ಮಾತನ್ನು ಕೇಳಿ ಮರಳಿ ನಡೆಯುವ ವಿನಯ ಗಂಡನಿಗೂ ಇರುವ ಮನೆಯಲ್ಲಿ ಕಾಯಕವು ಶುದ್ಧವಾಗುವುದು, ಪದಾರ್ಥವು ಪ್ರಸಾದವಾಗುವುದು. ಅಂಥ ಮನೆಗಳು ನಾಡಿನಲ್ಲಿ ಹೆಚ್ಚಲಿ.