ಎಂಟು ವರ್ಷದ ವಿಶ್ವಾಸಿ: ಪಂಡಿತಾ ರಮಾಬಾಯಿ ಅವರ ಜೀವನದಿಂದ ಒಂದು ಸಂದೇಶ

ಬೆಂಗಳೂರಿಂದ ಬೆಳಿಗ್ಗೆ ಬೇಗ ಹೊರಟು ದಬ್ಬೇಘಟ್ಟದ ತನಕ ಬಂದಿದ್ದೀರಿ. ನೆಟ್‌ವರ್ಕ್ ಸಿಗ್ತಿಲ್ಲ ಅಂತ ಕೆಲವರ ಮುಖ ಸಪ್ಪಗಿದೆ, ಇರಲಿ. ಒಂದು ದಿನ ಫೋನ್ ಸುಮ್ಮನಿದ್ರೆ ಯಾರಿಗೂ ಏನೂ ಆಗಲ್ಲ.

ಬೆಳಿಗ್ಗೆ ತೋಟದ ಯಜಮಾನ್ರು ನಿಮ್ಮನ್ನ ಅಟ್ಟ ನೋಡೋಕೆ ಕರ್ಕೊಂಡು ಹೋದ್ರಲ್ಲ. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಕಡೆ ಉಂಡೆ ಕೊಬ್ಬರಿ ಆಗೋದು ಹಾಗೇನೇ. ಬಲಿತ ಕಾಯನ್ನ ಮಟ್ಟೆ ಸಮೇತ ಅಟ್ಟದ ಮೇಲೆ ಹಾಕಿ ಹೆಚ್ಚುಕಡಿಮೆ ಒಂದು ವರ್ಷ ಬಿಡ್ತಾರೆ. ಒಳಗಿನ ನೀರು ಇಂಗಿ, ತಿರುಳು ಒಣಗಿ, ಚಿಪ್ಪು ಬಿಟ್ಟು, ಅಲ್ಲಾಡಿಸಿದ್ರೆ ಗಡಗಡ ಅನ್ನತ್ತೆ. ಆದ್ರೆ ಕೆಲವು ಕಾಯಿ ಒಳಗೇ ಕೆಟ್ಟು ಹೋಗಿರತ್ತೆ. ಅದೇ ಅಟ್ಟ, ಅದೇ ಒಂದು ವರ್ಷ, ಹೊರಗೆ ಅದೇ ಮಟ್ಟೆ. ಅಷ್ಟೊಂದು ಕಾಯಿ ಮಧ್ಯೆ ಯಾವುದು ಕೆಟ್ಟಿದೆ ಅಂತ ನೋಡಿದವರಿಗೆ ಗೊತ್ತಾಗಲ್ಲ, ಒಡೆದಾಗ ಗೊತ್ತಾಗತ್ತೆ.

ತನ್ನನ್ನ ತಾನೇ ಒಡೆದು ನೋಡಿಕೊಂಡ ಒಬ್ಬ ತಾಯಿಯ ಜೀವನವನ್ನ ಇವತ್ತು ನಿಮ್ಮ ಮುಂದೆ ಇಡ್ತೀನಿ. ಪಂಡಿತಾ ರಮಾಬಾಯಿ. ಮಹಾರಾಷ್ಟ್ರದವರು ಅಂತ ತುಂಬಾ ಜನ ತಿಳ್ಕೊಂಡಿದ್ದಾರೆ. ಹುಟ್ಟಿದ್ದು ನಮ್ಮ ಕರ್ನಾಟಕದಲ್ಲಿ. ಇಲ್ಲಿಂದ ಪಶ್ಚಿಮಕ್ಕೆ ಹೋಗಿ ಚಿಕ್ಕಮಗಳೂರು ದಾಟಿದ್ರೆ ಕುದುರೆಮುಖದ ಕಾಡಲ್ಲಿ ಗಂಗಾಮೂಲ ಸಿಗತ್ತೆ, ತುಂಗೆ ಭದ್ರೆ ಹುಟ್ಟೋ ಜಾಗ. 1858ರ ಏಪ್ರಿಲ್‌ನಲ್ಲಿ ಅಲ್ಲಿ ಹುಟ್ಟಿದ್ರು. ತಂದೆ ಅನಂತ ಶಾಸ್ತ್ರಿ ಡೋಂಗ್ರೆ ಕಾರ್ಕಳದ ಹತ್ತಿರದ ಮಾಳದವರು, ದೊಡ್ಡ ಸಂಸ್ಕೃತ ವಿದ್ವಾಂಸರು. ಹೆಂಡತಿಗೆ ಸಂಸ್ಕೃತ ಕಲಿಸಿದ್ರು ಅಂತ ಊರೆಲ್ಲ ಎದುರು ನಿಂತಿತು. ಅವರು ಬಿಡಲಿಲ್ಲ, ಮಗಳಿಗೂ ಶಾಸ್ತ್ರ ಸಿಗೋ ಹಾಗಾಯ್ತು.

ಆಮೇಲೆ ಕುಟುಂಬ ಯಾತ್ರೆ ಹೊರಟಿತು, ಊರಿಂದ ಊರಿಗೆ ಪುರಾಣ ಓದಿಕೊಂಡು. ಬರಗಾಲ ಬಂತು. ಅನ್ನ ಇಲ್ಲದೆ ತಂದೆ ಹೋದ್ರು, ತಾಯಿ ಹೋದ್ರು, ಅಕ್ಕ ಹೋದ್ರು. ನಮ್ಮ ಸೀಮೆ ಹಿರಿಯರು ಧಾತು ವರ್ಷದ ಬರ ಅಂತ ಹೇಳ್ತಿದ್ರಲ್ಲ, ಹೆಚ್ಚುಕಡಿಮೆ ಅದೇ ಕಾಲ. ರಮಾಬಾಯಿ ಮತ್ತು ಅಣ್ಣ ಇಬ್ಬರೇ ನಡೆದು ನಡೆದು 1878ರಲ್ಲಿ ಕಲ್ಕತ್ತಾ ಸೇರಿದ್ರು. ಅಲ್ಲಿಯ ವಿದ್ವಾಂಸರು ಈ ಹುಡುಗಿಯ ಸಂಸ್ಕೃತ ಕೇಳಿ ಬೆರಗಾಗಿ ಪಂಡಿತಾ ಅನ್ನೋ ಬಿರುದು ಕೊಟ್ಟರು. 1880ರಲ್ಲಿ ಅಣ್ಣ ತೀರಿಕೊಂಡ್ರು. ಅದೇ ವರ್ಷ ಮದುವೆ, ಮರುವರ್ಷ ಮಗಳು ಮನೋರಮಾ, 1882ರಲ್ಲಿ ಗಂಡನ ಸಾವು. ಇಪ್ಪತ್ತಮೂರನೇ ವಯಸ್ಸಿಗೆ ಕೈಗೂಸಿನ ವಿಧವೆ.

1883ರಲ್ಲಿ ಇಂಗ್ಲೆಂಡಿಗೆ ಹೋದ್ರು. ಸೆಪ್ಟೆಂಬರ್ 29ರಂದು ವಾಂಟೇಜ್ ಅನ್ನೋ ಊರಲ್ಲಿ ಮಗಳ ಜೊತೆ ದೀಕ್ಷಾಸ್ನಾನ ಆಯ್ತು. ಅಲ್ಲಿಂದ ಅಮೆರಿಕ, 1887ರಲ್ಲಿ ಮೇಲ್ಜಾತಿ ಹಿಂದೂ ಸ್ತ್ರೀಯರ ಕಷ್ಟದ ಬಗ್ಗೆ ಹೆಸರು ಮಾಡಿದ ಪುಸ್ತಕ. 1889ರಲ್ಲಿ ವಾಪಸ್ ಬಂದು ಬಾಲವಿಧವೆಯರಿಗಾಗಿ ಮುಂಬೈಯಲ್ಲಿ ಶಾರದಾ ಸದನ ತೆರೆದ್ರು, ಮರುವರ್ಷ ಅದು ಪುಣೆಗೆ ಬಂತು.

ಈಗ ಸ್ವಲ್ಪ ನಿಂತು ನೋಡಿ. ದೀಕ್ಷಾಸ್ನಾನ ಆಗಿದೆ. ಬೈಬಲ್ ಓದ್ತಾರೆ. ಬಡ ಹೆಣ್ಣುಮಕ್ಕಳಿಗಾಗಿ ಹಗಲು ರಾತ್ರಿ ದುಡೀತಾರೆ. ಯೇಸುವಿಗಾಗಿ ತಮ್ಮವರ ಬೈಗುಳವನ್ನೂ ತಿಂದಿದ್ದಾರೆ. ನಮ್ಮ ಸಭೆಗೆ ಬಂದಿದ್ರೆ ಮುಂದಿನ ಭಾನುವಾರವೇ ಸಾಕ್ಷಿ ಹೇಳೋಕೆ ನಿಲ್ಲಿಸ್ತಿದ್ವಿ! ಆದ್ರೆ ಸುಮಾರು ಎಂಟು ವರ್ಷ ಆದಮೇಲೆ, 1891ರ ಹೊತ್ತಿಗೆ, ತಮ್ಮೊಳಗೆ ಏನೋ ಖಾಲಿ ಇದೆ ಅಂತ ಅವರಿಗೇ ಗೊತ್ತಾಯ್ತು.

ಆ ಸಮಯಕ್ಕೆ ಒಂದು ಪುಸ್ತಕ ಕೈಗೆ ಬಂತು. ಬರೆದವರು ಹ್ಯಾಸ್ಲಮ್ ಅನ್ನೋ ಇಂಗ್ಲಿಷ್ ಪಾದ್ರಿ. ವರ್ಷಗಟ್ಟಲೆ ಪಾದ್ರಿಯಾಗಿ ಸೇವೆ ಮಾಡಿದ್ರು, ದೇವಾಲಯ ಕಟ್ಟಿಸಿದ್ರು. 1851ರ ಒಂದು ಭಾನುವಾರ ಪುಲ್ಪಿಟ್ ಮೇಲೆ ನಿಂತು ಪ್ರಸಂಗ ಮಾಡ್ತಾ ಮಾಡ್ತಾ ತಮ್ಮದೇ ಪ್ರಸಂಗದಲ್ಲಿ ರಕ್ಷಣೆ ಹೊಂದಿದ್ರು. ಕೇಳ್ತಿದ್ದ ಜನ ಪಾದ್ರಿಗೆ ಮಾನಸಾಂತರ ಆಯ್ತು ಅಂತ ಕೂಗಿದ್ರಂತೆ. ನಗು ಬರತ್ತೆ ಅಲ್ವಾ? ನನಗೆ ನಗು ಬರಲ್ಲ. ನಾನೂ ಒಂದು ಕಾಲದಲ್ಲಿ ವಾರಕ್ಕೆ ಮೂರು ಸಂದೇಶ ಕೊಡ್ತಿದ್ದೆ, ಮನೆಯಲ್ಲಿ ಬಾಗಿಲು ಹಾಕಿಕೊಂಡು ಒಬ್ಬನೇ ಮೊಣಕಾಲೂರಿ ತಿಂಗಳುಗಳೇ ಆಗಿತ್ತು. ನನ್ನ ಹೆಂಡತಿ ಒಬ್ಬಳಿಗೆ ಮಾತ್ರ ಗೊತ್ತಿತ್ತು.

ರಮಾಬಾಯಿ ಆ ಪುಸ್ತಕ ಓದಿ ತಮ್ಮನ್ನೇ ಕಂಡರು. ತಮಗೆ ಕ್ರೈಸ್ತ ಧರ್ಮ ಸಿಕ್ಕಿತ್ತು, ಕ್ರಿಸ್ತನೇ ಸಿಕ್ಕಿರಲಿಲ್ಲ ಅನ್ನೋದನ್ನ ಒಪ್ಪಿಕೊಂಡರು. ಅದನ್ನ ಮುಚ್ಚಿಡದೆ ಮುಂದೆ ತಮ್ಮ ಸಾಕ್ಷಿಯ ಪುಸ್ತಕದಲ್ಲೇ ಬರೆದರು. ಇಂಥ ಪಂಡಿತೆ, ಎರಡು ಖಂಡ ಸುತ್ತಿ ಭಾಷಣ ಮಾಡಿದವರು, ತಾನು ಬರೀ ಮಟ್ಟೆ ಅಂತ ಹೇಳಿಕೊಳ್ಳೋದು ಸಣ್ಣ ವಿಷಯ ಅಲ್ಲ. ಶಾಸ್ತ್ರದ ಜ್ಞಾನ ಎಲ್ಲ ಪಕ್ಕಕ್ಕಿಟ್ಟು, ಪಾಪಿಯ ಹಾಗೆ ಯೇಸುವಿನ ಹತ್ತಿರ ಬಂದರು. ಆಗ ಸಿಕ್ಕ ಸಂತೋಷ ಕೊನೇ ತನಕ ಇತ್ತು.

ಒಂದು ಮಾತು ಗಮನಿಸಿ. ಅವರು ಸೋಮಾರಿ ಆಗಿರಲಿಲ್ಲ. ಆತ್ಮಿಕ ಜಡತೆ ಅಂದ್ರೆ ಭಾನುವಾರ ಹತ್ತು ಗಂಟೆ ತನಕ ಮಲಗೋದು ಅಂತ ನಾವು ತಿಳ್ಕೊಂಡಿದ್ದೀವಿ. ವರ್ಷಿಪ್ ಟೀಮಲ್ಲಿ ಇರೋರು, ಸೆಲ್ ಗ್ರೂಪ್ ನಡೆಸೋರು, ಬೈಬಲ್ ಆ್ಯಪಲ್ಲಿ ಒಂದು ದಿನವೂ ತಪ್ಪಿಸದೆ ಮುನ್ನೂರು ದಿನ ಮುಗಿಸಿದೋರು, ಇವರಲ್ಲೂ ಅದು ಕೂತಿರತ್ತೆ, ಕೆಲಸದ ಹಿಂದೆ ಅಡಗಿಕೊಂಡು. ಲವೊದಿಕೀಯ ಸಭೆಗೆ ಕರ್ತನು ಹೇಳಿ ಕಳಿಸಿದ್ದು ಅದನ್ನೇ. ತನಗೆ ಏನೂ ಕೊರತೆ ಇಲ್ಲ ಅಂದುಕೊಂಡಿತ್ತು ಆ ಸಭೆ. ಕರ್ತನು ಬಾಗಿಲ ಹೊರಗೆ ನಿಂತು ತಟ್ಟುತ್ತಾ ಇದ್ದನು.

ಮುಂದಿನ ಕಥೆ. 1896ರಲ್ಲಿ ಮತ್ತೆ ಬರ. ಹಸಿವು ಅಂದ್ರೆ ಏನು ಅಂತ ರಮಾಬಾಯಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಮಧ್ಯ ಪ್ರಾಂತ್ಯಕ್ಕೆ ತಾವೇ ಹೋಗಿ ಸುಮಾರು ಮುನ್ನೂರು ಹೆಣ್ಣುಮಕ್ಕಳನ್ನ ಕರ್ಕೊಂಡು ಬಂದ್ರು. ಪುಣೆ ಹತ್ತಿರದ ಕೇಡಗಾಂವ್‌ನಲ್ಲಿ ಮುಕ್ತಿ ಅನ್ನೋ ಆಶ್ರಯ ಎದ್ದಿತು. 1900ರ ಗುಜರಾತ್ ಬರದ ಹೊತ್ತಿಗೆ ಅಲ್ಲಿದ್ದವರು ಸಾವಿರ ದಾಟಿದ್ರು.

ಅಷ್ಟಾದಮೇಲೆ ತೃಪ್ತಿ ಪಡಬಹುದಿತ್ತು. ಪಡಲಿಲ್ಲ. ಆಸ್ಟ್ರೇಲಿಯಾದಲ್ಲಿ ಉಜ್ಜೀವನ ಆಗಿದೆ ಅಂತ ಕೇಳಿ ಮಗಳನ್ನೂ, ಜೊತೆ ಕೆಲಸಗಾರ್ತಿ ಮಿನ್ನಿ ಏಬ್ರಮ್ಸ್ ಅವರನ್ನೂ ನೋಡಿ ಬನ್ನಿ ಅಂತ ಹಡಗು ಹತ್ತಿಸಿದ್ರು. 1905ರ ಜನವರಿಯಲ್ಲಿ ಪವಿತ್ರಾತ್ಮನ ಸುರಿಸುವಿಕೆಗಾಗಿ ದಿನಾ ಪ್ರಾರ್ಥಿಸೋಣ ಅಂತ ಕರೆದ್ರು. ಮೊದಲು ಬಂದವರು 70 ಜನ. ಜೂನ್ ಹೊತ್ತಿಗೆ 550 ಜನ, ದಿನಕ್ಕೆ ಎರಡು ಸಲ. ಲೆಕ್ಕ ಹಾಕಿ, ಆರು ತಿಂಗಳು! ನಮಗೆ ಮೂರು ದಿನದ ಉಪವಾಸ ಕೂಟದಲ್ಲಿ ಎರಡನೇ ದಿನವೇ ಆಫೀಸ್ ನೆನಪಾಗತ್ತೆ.

ಜೂನ್ 29, ಬೆಳಗಿನ ಜಾವ ಮೂರೂವರೆ. ಹಾಸ್ಟೆಲಲ್ಲಿ ಮಲಗಿದ್ದ ಒಬ್ಬ ಹುಡುಗಿಯ ಮೇಲೆ ಆತ್ಮನು ಇಳಿದನು. ಪಕ್ಕದವಳು ಬೆಂಕಿ ಹತ್ತಿದೆ ಅಂತ ಓಡಿ ಹೋಗಿ ಬಕೆಟ್ ನೀರು ತಂದು ಸುರಿಯೋದರಲ್ಲಿದ್ದಳಂತೆ. ಮರುದಿನ ರಮಾಬಾಯಿ ಯೋಹಾನನ ಸುವಾರ್ತೆ ಎಂಟನೇ ಅಧ್ಯಾಯ ವಿವರಿಸ್ತಿದ್ದರು, ಎಂದಿನ ಹಾಗೆ ಮೆಲುದನಿಯಲ್ಲಿ. ಹುಡುಗಿಯರೆಲ್ಲ ಒಟ್ಟಿಗೇ ಗಟ್ಟಿಯಾಗಿ ಪ್ರಾರ್ಥನೆ ಶುರು ಮಾಡಿದ್ರು. ಅವರು ಮಾತು ನಿಲ್ಲಿಸಬೇಕಾಯ್ತು. ಹಲ್ಲೆಲೂಯ. ಅತ್ತರು, ಪಾಪ ಅರಿಕೆ ಮಾಡಿದ್ರು, ಆಮೇಲೆ ಕುಣಿದ್ರು. ಪಾಠ ನಿಂತವು. ಅಲ್ಲಿಂದ ತಂಡ ತಂಡವಾಗಿ ಸುತ್ತಲ ಹಳ್ಳಿಗಳಿಗೆ ಹೋದ್ರು. ಲಾಸ್ ಏಂಜಲೀಸ್‌ನ ಅಜುಸಾ ಬೀದಿಯ ಕೂಟಗಳು ಶುರುವಾಗಿದ್ದು 1906ರಲ್ಲಿ, ಇದಕ್ಕಿಂತ ಹೆಚ್ಚುಕಡಿಮೆ ಹತ್ತು ತಿಂಗಳು ಆದಮೇಲೆ. ಮಿನ್ನಿ ಏಬ್ರಮ್ಸ್ ಈ ಅನುಭವದ ಪುಸ್ತಕ ಬರೆದು ಚಿಲಿ ದೇಶದ ಗೆಳತಿಗೆ ಕಳಿಸಿದ್ರು. ಅದನ್ನ ಓದಿ ಅಲ್ಲಿಯವರು ಪ್ರಾರ್ಥನೆಗೆ ಕೂತರು, 1909ರಲ್ಲಿ ಅಲ್ಲೂ ಉಜ್ಜೀವನ ಬಂತು.

ರಮಾಬಾಯಿ ಅಲ್ಲಿಗೂ ನಿಲ್ಲಲಿಲ್ಲ. ಹೀಬ್ರೂ, ಗ್ರೀಕ್ ಕಲಿತು, ಓದು ಕಡಿಮೆ ಇರೋ ಹೆಂಗಸರಿಗೂ ತಿಳಿಯೋ ಮರಾಠಿಯಲ್ಲಿ ಬೈಬಲ್ ಅನುವಾದ ಮಾಡೋಕೆ ವರ್ಷಗಟ್ಟಲೆ ಕೂತರು. ಮುದ್ರಣದ ಕೆಲಸ ಮುಕ್ತಿಯ ಹೆಣ್ಣುಮಕ್ಕಳದೇ. 1921ರಲ್ಲಿ ಮನೋರಮಾ ತೀರಿಕೊಂಡ್ರು. ಒಬ್ಬಳೇ ಮಗಳು. ಆ ತಾಯಿ ಅತ್ತು, ಮತ್ತೆ ಅನುವಾದಕ್ಕೆ ಕೂತರು. ಅದನ್ನ ಮುಗಿಸಿ, 1922ರ ಏಪ್ರಿಲ್ 5ರಂದು ಕರ್ತನ ಬಳಿಗೆ ಹೋದರು.

ಈಗ ಕೀಬೋರ್ಡ್ ಬೇಡ ತಮ್ಮಾ, ಸ್ವಲ್ಪ ಹೊತ್ತು ನಿಲ್ಲಿಸು. ಪ್ರಿಯರೇ, ಇನ್ನು ಒಂದು ಗಂಟೆ ಯಾರೂ ಗುಂಪಾಗಿ ಕೂರಬೇಡಿ. ತೋಟ ದೊಡ್ಡದಿದೆ. ಒಬ್ಬೊಬ್ಬರೇ ಒಂದೊಂದು ಮರದ ಕೆಳಗೆ ಹೋಗಿ. ಮೇಲೆ ಕಾಯಿ ಇಲ್ಲದ ಕಡೆ ನೋಡಿಕೊಂಡು ಕೂತ್ಕೊಳ್ಳಿ, ಮತ್ತೆ! ಎಷ್ಟು ವರ್ಷದಿಂದ ಸಭೆಗೆ ಬರ್ತಿದ್ದೀರಿ ಅಂತ ಕರ್ತನಿಗೆ ಹೇಳೋಕೆ ಹೋಗಬೇಡಿ, ಆತನಿಗೆ ಗೊತ್ತು. ಒಳಗೆ ಏನಿದೆ ಅಂತ ತೋರಿಸು ಅಂತ ಕೇಳಿ. ಗಂಟೆ ಬಾರಿಸಿದಾಗ ಬನ್ನಿ, ಊಟ ಆಮೇಲೆ.